ಅಮ್ಮನಿಗೂ ಆ ನೇರಳೆ ಪೆನ್ನು ಸಿಗಬೇಕು

2023ರ ನವೆಂಬರ್ ಮೊದಲ ವಾರ, ನಮ್ಮನೇಲಿ ಅಡಿಕೆ ಸುಲಿಯೋ ಕೆಲಸ ಜೋರಾಗಿ ನಡೀತಿತ್ತು. ರಾತ್ರಿ ಒಂಬತ್ತಾದ್ರೂ ಜಗಲಿ ಲೈಟ್ ಆರ್ಸಿರ್ಲಿಲ್ಲ, ಅಮ್ಮ ಮೆಟ್ಟುಗತ್ತಿ ಮುಂದೆ ಕೂತು ಸುಲೀತಾ ಇದ್ರು, ನಾನು ಪಕ್ಕದಲ್ಲೇ ಮಣೆ ಮೇಲೆ ಕೂತು ತೊಡೆ ಮೇಲೆ ಪುಸ್ತಕ ಇಟ್ಕೊಂಡು ಅದರ ಮೇಲೆ ಫಾರಂ 18 ತುಂಬ್ತಾ ಇದ್ದೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರ್ಸೋ ಅರ್ಜಿ ಅದು. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಈ ಪಟ್ಟಿ ನಮ್ಮ ಮಾಮೂಲಿ ವೋಟರ್ ಲಿಸ್ಟ್ ಥರ ಅಲ್ಲ, ಪ್ರತಿ ಚುನಾವಣೆಗೂ ಹೊಸದಾಗೇ ತಯಾರಾಗುತ್ತೆ, ಹೋದ ಸಲ ಹೆಸರಿತ್ತು ಅಂತ ಸುಮ್ನೆ ಕೂರೋ ಹಂಗಿಲ್ಲ, ಆರು ವರ್ಷಕ್ಕೊಂದ್ಸಲ ಮತ್ತೆ ಡಿಗ್ರಿ ಸರ್ಟಿಫಿಕೇಟ್ ಜೆರಾಕ್ಸ್ ಮಾಡ್ಸಿ ಅದಕ್ಕೆ ದೃಢೀಕರಣ ಮಾಡ್ಸಿ ಅರ್ಜಿ ಹಾಕ್ಬೇಕು. ಆ ದೃಢೀಕರಣದ ಒಂದು ಸಹಿ ಮತ್ತೆ ಸೀಲಿಗೆ ನಾನು ಒಂದು ಆಫೀಸಿಗೆ ಮೂರು ದಿನ ಅಲೆದಿದ್ದೆ, ಪೇಟೆ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸ ನನ್ನದು, ಮೂರು ದಿನ ಅರ್ಧರ್ಧ ರಜೆ ಹೋಯ್ತು.

ಅಮ್ಮ ಕೈ ನಿಲ್ಲಿಸ್ದೇ ಕೇಳಿದ್ರು, "ಎಂತದೇ ಅದು, ಅಷ್ಟೊತ್ತಿಂದ ಬರೀತಿದೀಯ?"

"ಓಟಿಂದು ಅಮ್ಮ. ಡಿಗ್ರಿ ಆದೋರಿಗೆ ಬೇರೆ ಓಟು ಇರುತ್ತಲ್ಲ, ಎಂಎಲ್‌ಸಿದು."

"ಹಂಗಾರೆ ನಂಗಿಲ್ವಾ ಆ ಓಟು?"

"ಇಲ್ಲ."

ಅಮ್ಮ ಅದಕ್ಕೆ ಏನೂ ಹೇಳ್ಲಿಲ್ಲ, ಇನ್ನೊಂದು ಅಡಿಕೆ ತಗೊಂಡು ಕತ್ತಿಗೆ ಒತ್ತಿದ್ರು ಅಷ್ಟೆ. ಆದ್ರೆ ಆ "ಇಲ್ಲ" ಅನ್ನೋ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತಲ್ಲ ಅಂತ ನಂಗೆ ಅವತ್ತಿಡೀ ರಾತ್ರಿ ಕಾಡಿತು. ಎಸ್ಸೆಸ್ಸೆಲ್ಸಿಗೆ ಬಿಟ್ಟಿದ್ದು ಅಮ್ಮ, ಇಂಗ್ಲಿಷ್ ಒಂದು ಹೋಗಿತ್ತು. ಪೇಪರ್ ಮೊದಲ ಪುಟದಿಂದ ಕೊನೆ ಪುಟದ ತನಕ ಓದ್ತಾರೆ, ಗ್ರಾಮಸಭೆ ಒಂದೂ ತಪ್ಸಲ್ಲ, ನಮ್ಮೂರ ಕಾಲುಸಂಕಕ್ಕೆ ದುಡ್ಡು ಯಾವ ವರ್ಷ ಮಂಜೂರಾಗಿ ಯಾವ ವರ್ಷ ವಾಪಸ್ ಹೋಯ್ತು ಅಂತ ಬಾಯಲ್ಲಿ ಹೇಳ್ತಾರೆ. ನಾನು ಬಿಕಾಂ ಮುಗಿಸಿದ ವರ್ಷ ನಂಗೆ ಪಂಚಾಯ್ತಿ ಮೆಂಬರ್ ಯಾರು ಅಂತಾನೂ ಗೊತ್ತಿರ್ಲಿಲ್ಲ. ಓಟು ಮಾತ್ರ ನಂಗೆ ಒಂದು ಜಾಸ್ತಿ.

ಈ ಲೆಕ್ಕ ಎಲ್ಲಿಂದ ಬಂತು ಅಂತ ಆಮೇಲೆ ಕೂತು ಓದಿದೆ. ನಮ್ಮ ವಿಧಾನ ಪರಿಷತ್ತಲ್ಲಿ 75 ಸೀಟು. 25 ಜನನ್ನ ಎಂಎಲ್ಎಗಳು ಆರಿಸ್ತಾರೆ, 25 ಜನನ್ನ ಗ್ರಾಮ ಪಂಚಾಯ್ತಿ, ನಗರಸಭೆ ಥರದ ಸ್ಥಳೀಯ ಸಂಸ್ಥೆ ಸದಸ್ಯರು ಆರಿಸ್ತಾರೆ, 11 ಜನ ನಾಮಕರಣ, ಉಳಿದ 14ರಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ಸಂವಿಧಾನದ 171ನೇ ವಿಧಿಯಲ್ಲಿ ಈ ಪಾಲು ಬರೆದಿಟ್ಟಿದ್ದಾರೆ. ಆಗ ಊರಿಗೊಬ್ಬ ಪದವೀಧರ ಸಿಕ್ಕಿದ್ರೆ ಹೆಚ್ಚು, ಓದಿದೋರ ಮಾತಿಗೆ ಒಂದು ಜಾಗ ಇರ್ಲಿ ಅಂತ ಇಟ್ಟಿರಬಹುದು, ಅದನ್ನ ನಾನು ತಪ್ಪು ಅನ್ನಲ್ಲ. ಇವತ್ತು ನಮ್ಮ ಕೇರಿಯಲ್ಲಿ ಹನ್ನೊಂದು ಮನೆ, ಡಿಗ್ರಿ ಆದೋರು ಇಲ್ದೇ ಇರೋ ಮನೆ ಎರಡೇ. ಅವರಲ್ಲಿ ಅರ್ಧಕ್ಕರ್ಧ ಜನ ಬೆಂಗಳೂರಲ್ಲಿದ್ದಾರೆ, ಊರಲ್ಲಿ ಉಳಿದು ತೋಟ ಗದ್ದೆ ದನ ಕರು ನೋಡ್ಕೊಂಡು ಇಲ್ಲಿನ ರಸ್ತೆ ಕರೆಂಟು ಆಸ್ಪತ್ರೆ ಎಲ್ಲದರ ಜೊತೆ ಏಗ್ತಿರೋದು ಡಿಗ್ರಿ ಇಲ್ದೇ ಇರೋ ಅಪ್ಪ ಅಮ್ಮಂದ್ರು. ಪಂಚಾಯ್ತಿ ಮೆಂಬರ್ ಮೂಲಕ, ಎಂಎಲ್ಎ ಮೂಲಕ ಅವರ ದನಿನೂ ಪರಿಷತ್ತಿಗೆ ಹೋಗುತ್ತೆ ಅನ್ನೋದು ನಿಜ, ಆದ್ರೆ ಆ ಮೆಂಬರ್, ಆ ಎಂಎಲ್ಎ ನಂಗೂ ಇದ್ದಾರಲ್ಲ, ಅದರ ಮೇಲೆ ನಂಗೆ ಇನ್ನೊಂದು ನೇರ ಓಟು ಯಾಕೆ ಅನ್ನೋದು ಪ್ರಶ್ನೆ.

ಶಿಕ್ಷಕರ ಕ್ಷೇತ್ರದ ವಿಷಯ ನೋಡಿದ್ರೆ ಇನ್ನೂ ಬೇಜಾರಾಗುತ್ತೆ. ಅಲ್ಲಿ ಓಟಿರೋದು ಪ್ರೌಢಶಾಲೆ ಮತ್ತೆ ಅದರ ಮೇಲಿನ ಹಂತದಲ್ಲಿ ಪಾಠ ಮಾಡೋರಿಗೆ ಮಾತ್ರ. ಪ್ರೈಮರಿ ಸ್ಕೂಲ್ ಟೀಚರ್ ಲೆಕ್ಕಕ್ಕೇ ಇಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದು ನಂಗೆ ಕೈ ಹಿಡಿದು ಅ ಆ ಇ ಈ ತಿದ್ದಿಸಿದ ಮೇಷ್ಟ್ರು ಆ ಕ್ಷೇತ್ರದ ಪ್ರಕಾರ ಶಿಕ್ಷಕರೇ ಅಲ್ಲ. ಹೈಸ್ಕೂಲಲ್ಲಿ ಪಾಠ ಮಾಡೋ ಪದವೀಧರರಿಗೆ ಪದವೀಧರ ಓಟೂ ಇದೆ, ಶಿಕ್ಷಕರ ಓಟೂ ಇದೆ, ಎರಡೂ. ಇನ್ನೊಂದು ಗೊತ್ತಾ, ಪದವೀಧರ ಕ್ಷೇತ್ರದಲ್ಲಿ ಓಟು ಹಾಕೋರಿಗೆ ಡಿಗ್ರಿ ಆಗಿ ಮೂರು ವರ್ಷ ಆಗಿರ್ಬೇಕು, ಆದ್ರೆ ಚುನಾವಣೆಗೆ ನಿಲ್ಲೋರಿಗೆ ಡಿಗ್ರಿ ಬೇಕಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟೇ ಇದನ್ನ ಹೇಳಿದೆ, ಅಭ್ಯರ್ಥಿ ಪದವೀಧರ ಆಗಿರ್ಲೇಬೇಕು ಅಂತ ಸಂವಿಧಾನದಲ್ಲಿ ಇಲ್ಲ ಅಂತ. ಅಂದ್ರೆ ನಮ್ಮಮ್ಮ ಆ ಕ್ಷೇತ್ರಕ್ಕೆ ನಿಲ್ಲಬಹುದು, ಗೆದ್ದು ಪರಿಷತ್ತಲ್ಲಿ ಕೂತು ಕಾನೂನು ಮಾಡಬಹುದು, ತಮಗೇ ಒಂದು ಓಟು ಹಾಕ್ಕೊಳ್ಳೋ ಹಾಗಿಲ್ಲ.

ಬ್ರಿಟನ್ನಲ್ಲೂ ಹೀಗೇ ವಿಶ್ವವಿದ್ಯಾಲಯದ ಸೀಟುಗಳು ಇದ್ವು, ಅಲ್ಲಿ ಓದಿದೋರಿಗೆ ಪಾರ್ಲಿಮೆಂಟಿಗೆ ಒಂದು ಹೆಚ್ಚಿನ ಓಟು. ಅವರು 1948ರ ಕಾಯ್ದೆಯಲ್ಲಿ ಅದನ್ನ ತೆಗೆದು ಹಾಕಿದ್ರು. ನಾವು 1950ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ಇಟ್ಕೊಂಡ್ವಿ, ಇವತ್ತಿಗೂ ವಿಧಾನ ಪರಿಷತ್ತಿರೋ ಆರು ರಾಜ್ಯದಲ್ಲಿ ಇದೆ.

ಇಷ್ಟೇ ಆಗಿದ್ರೆ ನಾನು ಪದವೀಧರ ಕ್ಷೇತ್ರ ರದ್ದು ಮಾಡಿ ಅಂತ ಒಂದು ಸಾಲು ಬರೆದು ಮುಗಿಸ್ತಿದ್ದೆ. ಆದ್ರೆ ಆ ಓಟಲ್ಲಿ ಒಂದು ಒಳ್ಳೇದೂ ಇದೆ, ಅದನ್ನೇ ನಾನು ಹೇಳಬೇಕು ಅಂತ ಕೂತಿರೋದು.

ಮಾರನೇ ದಿನ ರಾತ್ರಿ ಮತ್ತೆ ಜಗಲಿಯಲ್ಲೇ ಅಮ್ಮ ತಾವಾಗೇ ಕೇಳಿದ್ರು, ಆ ಓಟು ಹಾಕೋದು ಹೆಂಗೆ, ಮಿಷನ್ನಾ ಅಂತ. ಇಲ್ಲ ಅಮ್ಮ, ಪೇಪರ್, ಹೆಸರು ಮುಂದೆ 1, 2, 3 ಅಂತ ನಂಬರ್ ಬರೀಬೇಕು, ಯಾರು ಬೇಕು, ಅವರಾಗ್ಲಿಲ್ಲ ಅಂದ್ರೆ ಯಾರು, ಅವರೂ ಆಗ್ಲಿಲ್ಲ ಅಂದ್ರೆ ಯಾರು ಅಂತ, ಪ್ರಾಶಸ್ತ್ಯದ ಮತ ಅಂತಾರೆ ಅಂದೆ. ಎಣಿಸೋದು ಹೆಂಗೆ ಅಂದ್ರು. ಸುಲಿದ ಅಡಿಕೆ ಇತ್ತಲ್ಲ, ನೂರು ಅಡಿಕೆ ಎಣಿಸಿ ನೆಲದ ಮೇಲೆ ಮೂರು ರಾಶಿ ಮಾಡಿದೆ. ಒಂದರಲ್ಲಿ 40, ಒಂದರಲ್ಲಿ 35, ಇನ್ನೊಂದರಲ್ಲಿ 25.

"ನಾವು ಮಿಷನ್ನಲ್ಲಿ ಹಾಕೋ ಓಟಾದ್ರೆ 40ರ ರಾಶಿಯೋರು ಗೆದ್ರು, ಮುಗೀತು. ಉಳಿದ 60 ಜನಕ್ಕೆ ಅವರು ಬೇಡವೇ ಬೇಡ ಅಂತಿದ್ರೂ ಅವರೇ ಗೆದ್ದಂಗೆ. ಇದರಲ್ಲಿ ಹಂಗಲ್ಲ, ಅರ್ಧಕ್ಕಿಂತ ಒಂದಾದ್ರೂ ಜಾಸ್ತಿ ಬರ್ಬೇಕು. ಬರ್ಲಿಲ್ಲ ಅಂದ್ರೆ..."

ನಾನು ಮುಗಿಸೋದ್ರೊಳಗೆ ಅಮ್ಮ ಕರೆ ಹಿಡಿದ ಕಪ್ಪು ಕೈಯಿಂದ ಆ 25ರ ರಾಶಿನ್ನ ಬಾಚಿದ್ರು. "ಈ ಸಣ್ಣ ರಾಶಿ ಒಡ್ದು, ಇವ್ರು ಎರಡನೇದು ಯಾರಿಗೆ ಬರ್ದಿದಾರೆ ನೋಡಿ ಆ ರಾಶಿಗೆ ಹಾಕೋದು, ಅಷ್ಟೇ ಅಲ್ದಾ?" ಅಂತ ಐದು ಅಡಿಕೆನ್ನ 40ರ ಕಡೆ, ಇಪ್ಪತ್ತನ್ನ 35ರ ಕಡೆ ತಳ್ಳಿದ್ರು. 45, 55. ಗೆದ್ದೋರು ಬದಲಾದ್ರು.

"ಅಷ್ಟೇ ಅಮ್ಮ."

"ಇದಕ್ಕೆ ಡಿಗ್ರಿ ಬೇಕಾ ಮಾರಾಯ್ತಿ?"

ಬೇಡ. ವರ್ಷವಿಡೀ ಅಡಿಕೆನ್ನ ಹಸ, ಬೆಟ್ಟೆ, ಗೊರಬಲು ಅಂತ ಕಣ್ಣಲ್ಲೇ ನೋಡಿ ಬೇರೆ ಮಾಡೋರಿಗೆ ಮೊದಲನೇದು ಯಾವ್ದು ಎರಡನೇದು ಯಾವ್ದು ಅಂತ ಬರೆಯೋಕೆ ಯಾವ ವಿಶ್ವವಿದ್ಯಾಲಯದ ಸೀಲೂ ಬೇಡ.

ಅವತ್ತೇ ಅಮ್ಮ ಒಂದು ಹಳೇ ವಿಷಯ ಹೇಳಿದ್ರು, ನಂಗೆ ಗೊತ್ತೇ ಇರ್ಲಿಲ್ಲ. ತುಂಬ ವರ್ಷದ ಹಿಂದೆ ಒಂದು ಚುನಾವಣೆಲಿ ಪಕ್ಷೇತರರಾಗಿ ಒಬ್ರು ನಿಂತಿದ್ರಂತೆ, ಒಳ್ಳೆ ಮನುಷ್ಯ, ಮನೆ ಮನೆಗೆ ನಡ್ಕೊಂಡೇ ಬಂದು ಮಾತಾಡ್ಸಿದ್ರಂತೆ, ಅಮ್ಮನಿಗೆ ಅವರಿಗೇ ಹಾಕ್ಬೇಕು ಅಂತಿತ್ತು. "ಎಲ್ರೂ ಹೇಳಿದ್ರು, ಅವ್ರು ಗೆಲ್ಲಲ್ಲ, ಸುಮ್ನೆ ಓಟು ಹಾಳು ಮಾಡ್ಕೋಬೇಡಿ ಅಂತ. ನಾನೂ ಬೇರೆಯೋರಿಗೆ ಹಾಕ್ದೆ. ಆಮೇಲೆ ಒಂದಿಷ್ಟು ದಿನ ಮನಸ್ಸಿಗೇ ಸರಿ ಇರ್ಲಿಲ್ಲ." ಓಟು ಹಾಳಾಗುತ್ತೆ, ಓಟು ಒಡೆಯುತ್ತೆ, ಇವೆರಡು ಮಾತು ನಮ್ಮ ಕಡೆ ಪ್ರತಿ ಚುನಾವಣೆಲೂ ಕೇಳಿಸುತ್ತೆ, ನಾವು ಅದನ್ನ ಮಳೆ ಗಾಳಿ ಥರ ಅದು ಇರೋದೇ ಹಾಗೆ ಅಂತ ತಗೊಂಡ್ಬಿಟ್ಟಿದೀವಿ. ಅದು ನಿಯಮದಿಂದ ಬಂದಿದ್ದು, ನಿಯಮ ಬದಲಾದ್ರೆ ಹೋಗುತ್ತೆ. ನಂಬರ್ ಬರೆಯೋ ಓಟಲ್ಲಿ ಅಮ್ಮ ಆ ಪಕ್ಷೇತರರಿಗೆ 1 ಕೊಟ್ಟು, ಗೆಲ್ಲೋ ಹಂಗಿದ್ದೋರಲ್ಲಿ ವಾಸಿ ಅನ್ನಿಸಿದೋರಿಗೆ 2 ಕೊಡಬಹುದಿತ್ತು, ಮನಸ್ಸಿಗೂ ಸರಿ, ಓಟೂ ಹಾಳಾಗ್ತಿರ್ಲಿಲ್ಲ.

ದೇಶದ ರಾಷ್ಟ್ರಪತಿ ಆಯ್ಕೆಗೂ ಇದೇ ಪದ್ಧತಿ. 1969ರಲ್ಲಿ ವಿ.ವಿ. ಗಿರಿಯವರು, ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದೋರು, ಮೊದಲ ಸುತ್ತಲ್ಲಿ ಬೇಕಾದಷ್ಟು ಮತ ಬರದೇ ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ನೀಲಂ ಸಂಜೀವ ರೆಡ್ಡಿಯವರ ಎದುರು ಗೆದ್ದಿದ್ದು. ರಾಜ್ಯಸಭೆಗೂ ಇದೇ. ಅಂದ್ರೆ ಎಂಪಿಗಳಿಗೆ, ಎಂಎಲ್ಎಗಳಿಗೆ, ಡಿಗ್ರಿ ಆದೋರಿಗೆ ನಂಬರ್ ಬರೆಯೋ ಓಟು, ಜನಸಾಮಾನ್ಯರಿಗೆ ಒಂದೇ ಗುಂಡಿ. ಆಸ್ಟ್ರೇಲಿಯಾದಲ್ಲಿ 1918ರಿಂದ ಸಾಮಾನ್ಯ ಮತದಾರರೇ ನಂಬರ್ ಬರೆದು ಓಟು ಹಾಕ್ತಿದ್ದಾರೆ.

ಆಮೇಲೆ 2024 ಬಂತು. ಮೇ 7ಕ್ಕೆ ನಮ್ಮ ಕಡೆ ಲೋಕಸಭೆ ಓಟು. ನಾನು ಅಮ್ಮ ಒಟ್ಟಿಗೆ ಹೋದ್ವಿ, ಸೆಕೆಯೋ ಸೆಕೆ, ಶಾಲೆ ಕಟ್ಟೆ ಮೇಲೆ ಊರಿಗೆ ಊರೇ ಇತ್ತು, ಕೊನೆ ಕೊಯ್ಯೋಕೆ ಬರೋ ಅಣ್ಣ, ಅವರ ಹೆಂಡತಿ, ಅಂಗನವಾಡಿ ಟೀಚರ್, ಬೆಂಗಳೂರಿಂದ ಓಟಿಗೇ ಅಂತ ಬಂದ ಹುಡುಗರು, ಎಲ್ರೂ ಒಂದೇ ಸಾಲಲ್ಲಿ. ಆ ಸಾಲು ನೋಡಿದ್ರೆ ನಂಗೆ ಪ್ರತಿ ಸಲ ಖುಷಿಯಾಗುತ್ತೆ. ತಿಂಗಳೂ ಆಗಿಲ್ಲ, ಜೂನ್ 3ಕ್ಕೆ ನೈರುತ್ಯ ಪದವೀಧರ ಕ್ಷೇತ್ರದ ಓಟು. ನಮ್ಮ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗು, ಜೊತೆಗೆ ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಚನ್ನಗಿರಿ ಕಡೆ, ಇಷ್ಟಕ್ಕೂ ಸೇರಿ ಒಂದೇ ಸೀಟು. ಅಮ್ಮ ಬಾಗಿಲಲ್ಲಿ ನಿಂತು ಕೊಡೆ ಕೊಟ್ರು, ನಾನೊಬ್ಬಳೇ ಹೊರಟೆ. ಉಗುರಲ್ಲಿ ಹೋದ ತಿಂಗಳ ಶಾಯಿ ಇನ್ನೂ ಇತ್ತು.

ಬೂತಲ್ಲಿ ಗಲಾಟೆ ಇಲ್ಲ, ಪ್ಯಾಂಟು ಶರ್ಟು, ಚೂಡಿದಾರ್, ಬ್ಯಾಗು. ಬ್ಯಾಲೆಟ್ ಪೇಪರ್ ಕೊಟ್ರು, ಒಳಗೆ ನೇರಳೆ ಬಣ್ಣದ ಸ್ಕೆಚ್ ಪೆನ್ ಇಟ್ಟಿದ್ರು, ಅದರಲ್ಲೇ ಬರೀಬೇಕು, ನಮ್ಮ ಪೆನ್ ಉಪಯೋಗಿಸೋ ಹಂಗಿಲ್ಲ. ಅಂಕಿ ಮಾತ್ರ ಬರೀಬೇಕು, ಟಿಕ್ ಹಾಕೋ ಹಂಗಿಲ್ಲ, ಸಹಿ ಮಾಡೋ ಹಂಗಿಲ್ಲ, ಒಂದು ಎರಡು ಅಂತ ಅಕ್ಷರದಲ್ಲಿ ಬರೆಯೋ ಹಂಗೂ ಇಲ್ಲ. ಕನ್ನಡ ಅಂಕಿ ನಡೆಯುತ್ತೆ. ನಾನು ೧ ಬರೆದೆ, ೨ ಬರೆದೆ, ೩ ಬರೆಯೋವಾಗ ಸ್ವಲ್ಪ ಯೋಚ್ನೆ ಮಾಡಿದೆ, ಅವರ ಬಗ್ಗೆ ಏನು ಗೊತ್ತು ನಂಗೆ ಅಂತ. ಜೀವನದಲ್ಲಿ ಎಷ್ಟೋ ಸಲ ಓಟು ಹಾಕಿದೀನಿ, ಅಷ್ಟು ಹೊತ್ತು ಯೋಚ್ನೆ ಮಾಡಿ ಹಾಕಿದ್ದು ಅದೇ ಮೊದ್ಲು. ಪೇಪರ್ ಮಡಚಿ ಡಬ್ಬಿಗೆ ಹಾಕೋವಾಗ, ಇದು ಅಮ್ಮನಿಗೆ ಸಿಗಬೇಕಾದ ಓಟು ಅನ್ನಿಸ್ತು. ಪದವೀಧರ ಓಟು ಅಲ್ಲ ನಾನು ಹೇಳೋದು, ಈ ಥರದ ಓಟು. ಎಂಎಲ್ಎ ಓಟಲ್ಲಿ, ಎಂಪಿ ಓಟಲ್ಲಿ.

ಇದನ್ನ ಯಾರ ಹತ್ರ ಹೇಳಿದ್ರೂ ಮೊದಲು ಬರೋ ಮಾತು, ಓದಕ್ಕೆ ಬರ್ದೇ ಇರೋರು ಏನು ಮಾಡ್ಬೇಕು ಅಂತ. ಹೌದು, ಅಂಕಿ ಬರೆಯೋಕೆ ಆಗ್ದೇ ಇರೋರು ಇದ್ದಾರೆ, ಅದನ್ನ ಹಗುರ ಮಾಡಲ್ಲ ನಾನು. ಆದ್ರೆ ಇದೇ ಮಾತನ್ನ 1951-52ರ ಮೊದಲ ಚುನಾವಣೆ ಮುಂಚೆನೂ ಹೇಳಿದ್ರು, ಆಗ ಅಕ್ಷರ ಗೊತ್ತಿಲ್ದೇ ಇರೋರೇ ಜಾಸ್ತಿ. ಚುನಾವಣಾ ಆಯೋಗ ಕೈಚೆಲ್ಲಿ ಕೂರ್ಲಿಲ್ಲ, ಚಿಹ್ನೆ ತಂದ್ರು, ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಡಬ್ಬಿನೇ ಇಟ್ರು. ಅಷ್ಟು ಕಷ್ಟಪಟ್ಟು ದಾರಿ ಹುಡುಕಿದ ದೇಶ ಇದು. ಇವತ್ತು ಮೊದಲು ಒತ್ತಿದ ಚಿಹ್ನೆ 1, ಆಮೇಲೆ ಒತ್ತಿದ್ದು 2 ಅಂತ ತಗೊಳ್ಳೋ ಮಿಷನ್ ಮಾಡೋದು ನಮ್ಮಿಂದ ಆಗದ ಕೆಲಸ ಅಂತ ನಂಗನ್ಸಲ್ಲ. ಒಂದೇ ಗುಂಡಿ ಸಾಕು ಅನ್ನೋರು ಒಂದಕ್ಕೇ ಒತ್ತಿ ಬರ್ಲಿ, ಪದವೀಧರ ಓಟಲ್ಲೂ 1 ಮಾತ್ರ ಬರೆದ್ರೆ ಅದು ಊರ್ಜಿತ ಮತನೇ. ಇನ್ನು ಡಿಗ್ರಿ ಆದೋರೇನು ತಪ್ಪು ಮಾಡಲ್ವಾ, ಟಿಕ್ ಹಾಕಿ, ಸಹಿ ಹಾಕಿ ತಿರಸ್ಕೃತ ಆಗೋ ಮತಗಳು ಪದವೀಧರ ಕ್ಷೇತ್ರದಲ್ಲೂ ಇರ್ತವೆ.

ನಂಬರ್ ಓಟು ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ಅಲ್ಲ. ನಮ್ಮ ರಾಜ್ಯದ ಲೆಕ್ಕ ನೋಡಿ. 2018ರ ವಿಧಾನಸಭೆ ಚುನಾವಣೆಲಿ ಕಾಂಗ್ರೆಸ್ಸಿಗೆ ಶೇ. 38ರಷ್ಟು ಮತ, ಸೀಟು 80. ಬಿಜೆಪಿಗೆ ಶೇ. 36ರಷ್ಟು ಮತ, ಸೀಟು 104. ಓಟು ಕಮ್ಮಿ, ಸೀಟು ಜಾಸ್ತಿ. 2023ರಲ್ಲಿ ಬಿಜೆಪಿಗೆ ಮತ್ತೆ ಅದೇ ಶೇ. 36ರಷ್ಟು ಮತ, ಸೀಟು ಮಾತ್ರ 66. ಕಾಂಗ್ರೆಸ್ಸಿಗೆ ಶೇ. 43ರ ಹತ್ತಿರ, ಸೀಟು 135. ನಾನು ಯಾವ ಪಾರ್ಟಿ ಪರನೂ ಹೇಳ್ತಿಲ್ಲ, ಲೆಕ್ಕ ಬರೆಯೋಳು ನಾನು, ನನ್ನ ಪುಸ್ತಕದಲ್ಲಿ ಹೀಗೆ ಜಮಾ ಖರ್ಚು ಒಂದಕ್ಕೊಂದು ತಾಳೆಯಾಗ್ಲಿಲ್ಲ ಅಂದ್ರೆ ರಾತ್ರಿ ನಿದ್ದೆ ಬರಲ್ಲ. ಇದು ಸರಿಯಾಗ್ಬೇಕು ಅಂದ್ರೆ ಐರ್ಲೆಂಡ್ ಥರ ಒಂದೊಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು ಇಟ್ಟು ನಂಬರ್ ಓಟು ಮಾಡ್ಬೇಕು. ನಮ್ಮ ಜಿಲ್ಲೆಯಲ್ಲಿ ಏಳು ವಿಧಾನಸಭೆ ಸೀಟಿದೆಯಲ್ಲ, ತೀರ್ಥಹಳ್ಳಿ, ಸಾಗರ, ಸೊರಬ ಸೇರ್ಸಿ ಮೂರು ಸೀಟಿನ ಒಂದು ಕ್ಷೇತ್ರ, ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ಶಿಕಾರಿಪುರ ಸೇರ್ಸಿ ನಾಲ್ಕು ಸೀಟಿನ ಒಂದು ಕ್ಷೇತ್ರ ಅಂತ ಅಂದ್ಕೊಳ್ಳಿ. ಮೂರು ಸೀಟಿನ ಕಡೆ ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮತ ಬಂದ್ರೆ ಒಂದು ಸೀಟು ಖಾತ್ರಿ. ಆಗ ನಮ್ಮ ಗುಡ್ಡದ ಕಡೆ ಬಗರ್‌ಹುಕುಂ ಅರ್ಜಿ ಹಾಕ್ಕೊಂಡು ವರ್ಷಗಟ್ಲೆ ಕಾಯ್ತಿರೋರು, ಶರಾವತಿ ಮುಳುಗಡೆಯಲ್ಲಿ ಮನೆ ತೋಟ ಕಳ್ಕೊಂಡ ಮನೆತನದೋರು ತಮ್ಮ ಮಾತನ್ನೇ ಆಡೋ ಒಬ್ಬರನ್ನ ಕಳಿಸಬಹುದು, ಉಳಿದೋರ ಓಟೂ ನೀರಲ್ಲಿ ಹೋಗಲ್ಲ. ಇದು ದೂರದ ಮಾತು ಅಂತ ನಂಗೂ ಗೊತ್ತು, ಹಾಗಂತ ಆಡ್ದೇ ಇರಕ್ಕಾಗಲ್ಲ.

ಅಮ್ಮನ ತವರು ಸಾಗರದ ಕಡೆ. ಕಾಗೋಡು ಗಲಾಟೆ ಕತೆ ಅಲ್ಲಿ ಪ್ರತಿ ಮನೇಲೂ ಇದೆ. 1951ರಲ್ಲಿ ಗೇಣಿ ಭತ್ತ ಅಳೆಯೋ ಕೊಳಗದ ಮೇಲೆ ಶುರುವಾದ ಜಗಳ ಅದು, ಒಡೆಯರು ಅಳೆಯೋ ಕೊಳಗ ದೊಡ್ಡದು ಅಂತ ಗೇಣಿದಾರರು ತಿರುಗಿ ನಿಂತ್ರು, ರೈತ ಮುಖಂಡ ಎಚ್. ಗಣಪತಿಯಪ್ಪನವರು ಜೊತೆಗೆ ನಿಂತ್ರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಜೈಲಿಗೂ ಹೋದ್ರು. ಮರುವರ್ಷದ ಚುನಾವಣೆಲಿ ಅದೇ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದ್ರು. ನಮ್ಮಜ್ಜನೂ ಗೇಣಿ ಅಳೆದು ಕೊಟ್ಟೋರೇ, 1974ರ ಭೂ ಸುಧಾರಣೆ ಕಾನೂನು ಬಂದ ಮೇಲೆ ಫಾರಂ 7 ಡಿಕ್ಲರೇಷನ್ ಹಾಕಿ ಜಮೀನು ತಮ್ಮ ಹೆಸರಿಗೆ ಮಾಡ್ಕೊಂಡ್ರು. ಹೆಬ್ಬೆಟ್ಟು ಒತ್ತಿದ ಅರ್ಜಿ. ಅವತ್ತು ಅವರು ಕೇಳಿದ್ದು ಭತ್ತ ಬಿಟ್ಟುಬಿಡಿ ಅಂತಲ್ಲ, ಅಳೆಯೋ ಕೊಳಗ ಎಲ್ರಿಗೂ ಒಂದೇ ಇರ್ಲಿ ಅಂತ. ನಾನು ಫಾರಂ 18 ತುಂಬ್ತಾ ಅಮ್ಮನಿಗೆ "ಇಲ್ಲ" ಅಂದಾಗ ನನ್ನ ಕೈಯಲ್ಲಿ ಇದ್ದಿದ್ದು ದೊಡ್ಡ ಕೊಳಗ.

ಬದಲಾಯಿಸೋದು ಅಷ್ಟು ಕಷ್ಟನಾ ಅಂತ ನೋಡಿದ್ರೆ, 171ನೇ ವಿಧಿಯ ಎರಡನೇ ಉಪವಿಧಿಲೇ ಇದೆ, ಸಂಸತ್ತು ಬೇರೆ ಕಾನೂನು ಮಾಡೋ ತನಕ ಪರಿಷತ್ತಿನ ಪಾಲು ಹೀಗಿರುತ್ತೆ ಅಂತ. ಅಂದ್ರೆ ಸಂವಿಧಾನ ತಿದ್ದುಪಡಿನೂ ಬೇಡ, ಸಂಸತ್ತು ಒಂದು ಸಾಮಾನ್ಯ ಕಾನೂನು ಮಾಡಿದ್ರೆ ಪದವೀಧರ, ಶಿಕ್ಷಕರ 14 ಸೀಟನ್ನ ಎಲ್ಲಾ ಮತದಾರರಿಗೂ ಬಿಟ್ಟುಕೊಡಬಹುದು, ನಂಬರ್ ಬರೆಯೋ ಪದ್ಧತಿ ಹಾಗೇ ಉಳಿಸ್ಕೊಂಡು. ಆ 14 ಸೀಟಲ್ಲಿ ಜನಕ್ಕೆ ರೂಢಿಯಾದ್ರೆ ಆಮೇಲೆ ವಿಧಾನಸಭೆ, ಲೋಕಸಭೆಗೂ ಕೇಳೋಕೆ ಧೈರ್ಯ ಬರುತ್ತೆ. ಅಲ್ಲೂ ಅತಿ ಹೆಚ್ಚು ಮತ ಬಿದ್ದೋರೇ ಗೆದ್ರು ಅಂತ ಘೋಷಣೆ ಮಾಡೋದು 1961ರ ಚುನಾವಣಾ ನಿಯಮಗಳ ಪ್ರಕಾರ. ಹಿಂದೆ ಓಟಿನ ವಯಸ್ಸು 21 ಇತ್ತು, 1989ರಲ್ಲಿ 18 ಆಯ್ತು. ಆಗದ ಕೆಲಸ ಯಾವ್ದೂ ಅಲ್ಲ.

ಕಾನೂನು ಮಾಡಬೇಕಿರೋದು ಸಂಸತ್ತು ಅಂದ್ಮೇಲೆ ಕಾಗದ ಬರೀಬೇಕಿರೋದು ನಮ್ಮ ಎಂಪಿಗೆ. ಎರಡು ಪುಟ ಬರೆದೆ, 171ರ ವಿಷಯ, ಪ್ರೈಮರಿ ಟೀಚರ್ ವಿಷಯ, 14 ಸೀಟಿನ ವಿಷಯ, ಎಲ್ಲಾ. ಅಮ್ಮ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು, ಎರಡು ಕಡೆ ಕಾಗುಣಿತ ತಪ್ಪು ತೋರ್ಸಿದ್ರು, ತಿದ್ದಿದೆ. ಕೆಳಗೆ ನಾನು ಸಹಿ ಹಾಕಕ್ಕೆ ಹೋದ್ರೆ ಅಮ್ಮ ಪೆನ್ ತಗೊಂಡ್ರು, "ನಂದು ಮೊದ್ಲು ಇರ್ಲಿ, ಓಟಿಲ್ದೇ ಇರೋದು ನಂಗಲ್ದಾ" ಅಂದ್ರು. ಅವರ ಸಹಿ ಮೇಲೆ, ನಂದು ಕೆಳಗೆ. ಕೊನೆ ಕೊಯ್ಯೋ ಅಣ್ಣ ಬೆಳಿಗ್ಗೆ ಬಂದೋರು ವಿಷಯ ಕೇಳಿ ತಾವೂ ಹಾಕಿದ್ರು, ಅಂಗನವಾಡಿ ಟೀಚರ್ ಸಂಜೆ ಹಾಕಿ ಕೊಟ್ರು. ಸೋಮವಾರ ಪೇಟೆಗೆ ಹೋಗ್ತಾ ಸ್ಪೀಡ್ ಪೋಸ್ಟ್ ಮಾಡಿದೆ, ರಸೀದಿ ಅಮ್ಮನ ಕೈಲಿ ಕೊಟ್ಟೆ, ಅವರದನ್ನ ವೋಟರ್ ಐಡಿ ಇಡೋ ಪ್ಲಾಸ್ಟಿಕ್ ಕವರಲ್ಲೇ ಇಟ್ಕೊಂಡಿದ್ದಾರೆ.